ನಲ್ಲಿ ಬದಲಿಸಲು ಕೊನೆಗೌಡನೇ ಬರಬೇಕೇ?

ಮನೆ ರಿಪೇರಿ: ಓದುಗರ ಪ್ರಶ್ನೆ, ಅಂಗಡಿಯಮ್ಮನ ಉತ್ತರ

ಶಿವಮೊಗ್ಗದಲ್ಲಿ ಇಪ್ಪತ್ತೆಂಟು ವರ್ಷ ನಲ್ಲಿ, ಪೈಪು, ಮೊಳೆ, ಬಣ್ಣದ ಅಂಗಡಿ ನಡೆಸಿ, ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟವರು ಈ ಅಂಕಣ ಬರೆಯುತ್ತಾರೆ.

ಪ್ರಶ್ನೆ: ನಮ್ಮದು ತೋಟದ ನಡುವಿನ ಒಂಟಿ ಮನೆ. ಅಡುಗೆಮನೆಯ ಸಿಂಕಿಗೆ ಗೋಡೆಯಿಂದ ಬಂದಿರುವ, ಉದ್ದ ಕತ್ತಿನ, ಆಚೀಚೆ ತಿರುಗುವ ನಲ್ಲಿ ಇದೆ. ಹಾಕಿಸಿ ಹನ್ನೆರಡು ವರ್ಷವಾಯಿತು. ಮೂತಿಯಲ್ಲಿ ತೊಟ್ಟಿಕ್ಕುವುದು ಮೊದಲಿನಿಂದಲೂ ಇತ್ತು, ಈಗ ಗೋಡೆಯ ಬಳಿಯೂ ನೀರು ಒಸರುತ್ತಿದೆ. ನಮ್ಮೂರಿಗಿರುವ ಒಬ್ಬನೇ ಪ್ಲಂಬರ್ ಅಡಿಕೆ ಕೊಯ್ಲು ಬಂತೆಂದರೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಾಗಿಬಿಡುತ್ತಾನೆ. ಒಂದು ತಿಂಗಳಿನಿಂದ ‘ನಾಳೆ ಬರುತ್ತೇನೆ’ ಎನ್ನುತ್ತಿದ್ದಾನೆ. ನಾನೇ ಬದಲಿಸಬಹುದೇ? ‘ಹೆಂಗಸರು ಕೈಹಾಕುವ ಕೆಲಸವಲ್ಲ, ಗೋಡೆ ಒಡೆದರೆ ಏನು ಗತಿ’ ಎಂದು ಅತ್ತೆಯವರು ಹೆದರಿಸುತ್ತಿದ್ದಾರೆ.
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬದಲಿಸಬಹುದು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಕೈಗಳಿಗೆ ನಲ್ಲಿ ತಿರುಗಿಸುವ ಬಲವಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಗೋಡೆಯ ವಿಷಯದಲ್ಲಿ ಮಾತ್ರ ಅವರ ಭಯ ಸುಳ್ಳಲ್ಲ. ನಲ್ಲಿ ಬದಲಿಸಲು ಹೋಗಿ ಗೋಡೆ ಒಡೆಸಿಕೊಂಡು ನನ್ನ ಅಂಗಡಿಗೆ ಓಡಿಬಂದವರಲ್ಲಿ ಬಲ ಸಾಲದವರನ್ನು ನಾನು ಕಂಡಿಲ್ಲ. ಎಲ್ಲರೂ ಬಲ ಮಿಕ್ಕವರೇ. ನಾನೂ ಅವರಲ್ಲೊಬ್ಬಳು. ಆ ಕಥೆ ಆಮೇಲೆ.

ಮೊದಲು ನೀರು ಬರುತ್ತಿರುವ ಜಾಗ ಗುರುತಿಸಿ. ನಲ್ಲಿಯನ್ನೂ ಗೋಡೆಯನ್ನೂ ಒಣಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಸುಮ್ಮನೆ ನೋಡುತ್ತಿರಿ. ಮೂತಿಯ ತುದಿಯಿಂದ ಮಾತ್ರ ಹನಿ ಬೀಳುತ್ತಿದ್ದರೆ ಅದು ಒಳಗಿನ ವಾಷರಿನ ದೋಷ. ಕಾಲು ಸುತ್ತಿನಲ್ಲೇ ತೆರೆದುಕೊಳ್ಳುವ ಹೊಸ ಬಗೆಯ ನಲ್ಲಿಯಾದರೆ, ಹಿಡಿಯ ಕೆಳಗೆ ನೀರು ತೆರೆದು ಮುಚ್ಚುವ ಸ್ಪಿಂಡಲ್‌ನ ದೋಷ. ಅಷ್ಟಕ್ಕೇ ಇಡೀ ನಲ್ಲಿ ಕೊಳ್ಳುವುದು ಉಂಗುಷ್ಠ ಕಿತ್ತಿತೆಂದು ಹೊಸ ಚಪ್ಪಲಿ ಕೊಂಡಂತೆ. (ಅಂಗಡಿಯವಳಾಗಿ ಇದನ್ನು ಹೇಳಬಾರದು. ಈಗ ಗಲ್ಲಾಪೆಟ್ಟಿಗೆ ನನ್ನದಲ್ಲವಲ್ಲ, ಹೇಳುತ್ತೇನೆ.) ಕತ್ತು ತಿರುಗುವ ಜಾಗದಲ್ಲಿ ಒಸರಿದರೆ ಅಲ್ಲಿನ ರಬ್ಬರ್ ಉಂಗುರ ಸವೆದಿರುತ್ತದೆ. ನಿಮ್ಮದು ಗೋಡೆಯ ಬಳಿ ಒಸರುತ್ತಿದೆ ಎಂದಿರಿ. ಹಾಗಿದ್ದರೆ ನಲ್ಲಿಯನ್ನು ಹೇಗೂ ಕಳಚಲೇಬೇಕು. ಹನ್ನೆರಡು ವರ್ಷ ದುಡಿದಿದೆ, ಬದಲಿಸಿಯೇಬಿಡಿ. ತಡಮಾಡಬೇಡಿ. ಮೂತಿಯ ಹನಿ ಸಿಂಕಿಗೆ ಬೀಳುತ್ತದೆ, ಗೋಡೆಯೊಳಗಿನ ಹನಿ ಗೋಡೆಗೇ ಇಳಿಯುತ್ತದೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 4 ಲೀಟರಿಗೂ ಮಿಕ್ಕಿ ಆಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆಯಾದರೆ ಅಷ್ಟು ನೀರನ್ನು ಸದ್ದಿಲ್ಲದೆ ಕುಡಿದು ಕೂರುತ್ತದೆ.

ಇನ್ನು ಕೊಳ್ಳುವುದು. ಅಂಗಡಿಯಲ್ಲಿ ‘ಸಿಂಕಿನ ನಲ್ಲಿ ಕೊಡಿ’ ಎಂದರೆ ನಾಲ್ಕು ಬಗೆಯದನ್ನು ಮುಂದಿಡುತ್ತಾರೆ. ನಿಮಗೆ ಬೇಕಾದದ್ದು ಗೋಡೆಗೆ ಕೂರುವ ‘ಸಿಂಕ್ ಕಾಕ್’. ಕಲ್ಲುಹಾಸಿನ ಮೇಲೆ ನಿಲ್ಲುವುದು ಬೇರೆ, ಬಿಸಿ–ತಣ್ಣೀರು ಎರಡೂ ಬರುವ ಮಿಕ್ಸರ್ ಬೇರೆ. ಮೊಬೈಲಿನಲ್ಲಿ ಹಳೆಯ ನಲ್ಲಿಯ ಚಿತ್ರ ತೆಗೆದುಕೊಂಡು ಹೋಗಿ. ಸಿಂಕಿನ ನಡುವಿಗೆ ಮೂತಿ ತಲುಪಬೇಕಾದರೆ ಗೋಡೆಯಿಂದ ಎಷ್ಟು ಉದ್ದ ಬೇಕು ಎಂದೂ ಅಳೆದುಕೊಳ್ಳಿ. ಅಳತೆಯ ಮಾತು ಬಂದಾಗ ಒಂದು ನೆನಪು. ಒಬ್ಬರು ನಲ್ಲಿ ಕೊಂಡುಹೋದವರು ಸಂಜೆ ಮಗನ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲ್ ಸಮೇತ ಜಗಳಕ್ಕೆ ಬಂದರು. ‘ಅರ್ಧ ಇಂಚು ಕೇಳಿದರೆ 21 ಮಿಲಿಮೀಟರಿನದು ಕೊಟ್ಟಿದ್ದೀರಿ, ಡಬ್ಬದ ಮೇಲೆ 15 ಎಂದು ಬರೆದಿದೆ, ಯಾವುದು ನಿಜ?’ ಮೂರೂ ನಿಜ. ಅರ್ಧ ಇಂಚು ಎನ್ನುವುದು ಹಳೆಯ ಕಬ್ಬಿಣದ ಪೈಪಿನ ಒಳಗಿನ ಬಾಯಿಯ ಲೆಕ್ಕದಿಂದ ಬಂದ ಹೆಸರು. ಅದಕ್ಕೆ ಹೊಂದುವ ತಿರುಪಿನ ಹೊರಮೈ ಅಳೆದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಡಬ್ಬದ ಮೇಲಿನ 15 ಅದೇ ಅರ್ಧ ಇಂಚಿನ ಮೆಟ್ರಿಕ್ ಹೆಸರು. ಮನೆಯ ನಲ್ಲಿಗಳು ಬಹುಪಾಲು ಇದೇ ಅಳತೆಯವು. ಜೊತೆಗೆ, ಸೋರದಂತೆ ತಿರುಪಿಗೆ ಸುತ್ತುವ ಟೆಫ್ಲಾನ್ ಟೇಪ್ ಎರಡು ಸುರುಳಿ ತನ್ನಿ. ಅರ್ಧ ಇಂಚಿನ ಒಂದು ಡಮ್ಮಿಯನ್ನೂ ತನ್ನಿ, ಅಂದರೆ ಗೋಡೆಯ ಬಾಯಿಗೆ ತಿರುಗಿಸುವ ಮುಚ್ಚಳ. ಕೆಲಸ ನಡುವೆ ಕೆಟ್ಟರೆ ಅದನ್ನು ಹಾಕಿ ಟ್ಯಾಂಕು ತೆರೆದು ಅಡುಗೆ ಮುಂದುವರಿಸಬಹುದು. ಕೆಲವೇ ರೂಪಾಯಿಯ ಈ ಮುಚ್ಚಳವನ್ನು ಕೇಳಿ ಕೊಂಡವರು ಕಡಿಮೆ. ರಾತ್ರಿ ಎಂಟಕ್ಕೆ ಅರ್ಧ ತೆರೆದ ಷಟರಿನ ಕೆಳಗೆ ತಲೆ ತೂರಿಸಿ ‘ಡಮ್ಮಿ ಇದೆಯೇ’ ಎಂದು ಕೇಳಿದವರು ಬಹಳ.

ನೀರು ನಿಲ್ಲಿಸುವುದು ಹೇಗೆ ಎಂಬುದು ನಿಮ್ಮ ಮನೆಗೆ ನೀರು ಬರುವ ದಾರಿಯ ಮೇಲಿದೆ. ಟ್ಯಾಂಕಿನಿಂದಾದರೆ ಟ್ಯಾಂಕಿನ ಕೆಳಗಿನ ವಾಲ್ವ್ ಮುಚ್ಚಿ, ಬಚ್ಚಲಿನ ತಗ್ಗಿನ ನಲ್ಲಿ ತೆರೆದು ಪೈಪಿನ ನೀರೆಲ್ಲ ಇಳಿಯಲು ಬಿಡಿ. ಗೀಸರ್ ಇದ್ದರೆ ಸ್ವಿಚ್ ಆರಿಸಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ತಿರುಗದಿದ್ದರೆ ಹಟ ಹಿಡಿಯಬೇಡಿ, ಅದರ ದಂಡ ಮುರಿದರೆ ಇನ್ನೊಂದು ರಾಮಾಯಣ. ಟ್ಯಾಂಕನ್ನೇ ಖಾಲಿ ಮಾಡಿ. ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನೇ ಇಳಿದುಬರುವ ನೀರು, ನೇರ ಅಡುಗೆಮನೆಗೆ ಬರುತ್ತಿದ್ದರೆ ವಿಷಯ ಬೇರೆ. ಹೊಸನಗರದ ಕಡೆಯ ನನ್ನ ತವರಿನಲ್ಲಿ ಅಬ್ಬಿ ನೀರು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದುಬಂದು ಬಚ್ಚಲಿನ ಕಲ್ಲುತೊಟ್ಟಿಗೆ ಹಗಲಿರುಳು ಬೀಳುತ್ತಿತ್ತು. ನಲ್ಲಿಯೂ ಇರಲಿಲ್ಲ, ನಿಲ್ಲಿಸುವ ಪ್ರಶ್ನೆಯೂ ಇರಲಿಲ್ಲ. ಈಗ ದಬ್ಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ. ನೀರಿನ ಮೂಲ ಮನೆಗಿಂತ 30 ಮೀಟರ್ ಮೇಲಿದ್ದರೆ, ಪೈಪಿನ ಬಾಯಿ ಮುಚ್ಚಿದಾಗ ಸುಮಾರು 3 ಬಾರ್ ಒತ್ತಡ ನಿಲ್ಲುತ್ತದೆ. ನಲ್ಲಿಗಿಂತ 3 ಮೀಟರ್ ಮೇಲಿರುವ ಟ್ಯಾಂಕಿನ ಹತ್ತು ಪಟ್ಟು ಅದು. ಮನೆಯ ತುದಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಗುಡ್ಡದಲ್ಲೆಲ್ಲೋ ಜೋಡಿಸಿದ ಜಾಗ ಬಿಟ್ಟುಕೊಂಡೀತು. ಮೂಲದಲ್ಲಿ ಪೈಪು ಎತ್ತಿಟ್ಟರೆ ಒಳಗೆ ಗಾಳಿ ಹಿಡಿದು, ಮತ್ತೆ ನೀರು ಬರಿಸಲು ಅರ್ಧ ದಿನ ಗುಡ್ಡ ಹತ್ತಿ ಇಳಿಯಬೇಕಾಗುತ್ತದೆ. ಹಿತ್ತಲಿನಲ್ಲಿ ಜೋಡಣೆ ಕಳಚಿ ನೀರನ್ನು ತೋಟಕ್ಕೆ ಬಿಟ್ಟುಬಿಡಿ.

ಕಳಚುವ ಮೊದಲು ಗೋಡೆಯೊಳಗಿನ ಪೈಪು ಯಾವುದೆಂದು ತಿಳಿಯಿರಿ. ಮಾಳಿಗೆಯಲ್ಲೋ ಹಿತ್ತಲಿನಲ್ಲೋ ಅದು ಹೊರಗೆ ಕಾಣುವ ಕಡೆ ಬಣ್ಣ ನೋಡಿದರೆ ಸಾಕು. ತಿಳಿ ಹಳದಿಯಾದರೆ ಸಿಪಿವಿಸಿ, ಬಿಳಿಯಾದರೆ ಯುಪಿವಿಸಿ (ಎರಡೂ ಪ್ಲಾಸ್ಟಿಕ್), ಬೂದು ಬಣ್ಣದ ಲೋಹವಾದರೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಪ್ಲಾಸ್ಟಿಕ್ ಪೈಪಾದರೆ ನಲ್ಲಿ ಕೂತಿರುವುದು ಒಂದು ಎಲ್ಬೋದಲ್ಲಿ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆಯಲ್ಲಿ. ಒಳಗೆ ಹಿತ್ತಾಳೆಯ ತಿರುಪು ಇರಬಹುದು, ಇಲ್ಲದೆಯೂ ಇರಬಹುದು. ಹಿತ್ತಾಳೆ ಇದ್ದರೂ ಅದನ್ನು ಹಿಡಿದಿರುವುದು ಪ್ಲಾಸ್ಟಿಕ್ಕೇ. ಹಳೆಯ ಜಿಐ ಆದರೆ ತುಕ್ಕು ಹಿಡಿದು ನಲ್ಲಿ ಕಚ್ಚಿಕೊಂಡಿರುತ್ತದೆ. ನಲ್ಲಿಯ ಬುಡಕ್ಕೆ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಎಡಕ್ಕೆ ನಿಧಾನವಾಗಿ ಒತ್ತಿ. ಜಗ್ಗಬೇಡಿ. ಮೊದಲ ಸಲ ಅಲುಗಿದ ಮೇಲೆ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ನಲ್ಲಿಯ ಜೊತೆ ಟೈಲ್ಸೂ ಮಿಸುಕಿದಂತೆ ಕಂಡರೆ, ಅಥವಾ ಎರಡು ಕೈಯ ಹದವಾದ ಬಲಕ್ಕೂ ಅದು ಮಣಿಯದಿದ್ದರೆ, ಅಲ್ಲಿಗೆ ನಿಲ್ಲಿಸಿ. ಅದು ಕೊನೆಗೌಡನಿಗೇ ಬಿಟ್ಟ ಕೆಲಸ.

ಹಳೆಯದು ಬಂದ ಮೇಲೆ ಗೋಡೆಯ ಬಾಯಿಗೆ ಟಾರ್ಚ್ ಹಿಡಿದು, ಅಂಟಿದ ಹಳೆಯ ಟೇಪಿನ ಚೂರು, ಸಣಬಿನ ನಾರು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ನಾರು ಎಂದದ್ದು ಸುಮ್ಮನಲ್ಲ. ನಮ್ಮ ಮಾವನವರ ಕಾಲದಲ್ಲಿ ತಿರುಪಿಗೆ ಸಣಬು ಸುತ್ತಿ ಬಿಳಿ ಬಣ್ಣ ಬಳಿದು ತಿರುಗಿಸುತ್ತಿದ್ದರು. ಟೆಫ್ಲಾನನ್ನು ರಾಯ್ ಪ್ಲಂಕೆಟ್ ಎಂಬ ರಸಾಯನತಜ್ಞರು 1938ರಲ್ಲೇ ಅಮೆರಿಕದಲ್ಲಿ ಆಕಸ್ಮಿಕವಾಗಿ ಕಂಡುಕೊಂಡಿದ್ದರು. ಮಾವನವರು ಮಾತ್ರ ಕೊನೆಯವರೆಗೂ ಅದನ್ನು ‘ಬ್ಯಾಂಡೇಜು’ ಎಂದೇ ಕರೆದರು, ನಂಬಲೂ ಇಲ್ಲ.

ಈಗ ಹೊಸ ನಲ್ಲಿಯನ್ನು ಟೇಪ್ ಇಲ್ಲದೆ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ. ಎಷ್ಟು ಸುತ್ತು ಹೋಯಿತು, ನಿಂತಾಗ ಅದರ ಮುಖ ಯಾವ ಕಡೆಗಿತ್ತು ಎಂದು ನೆನಪಿಡಿ. ಈ ಒಂದು ನಿಮಿಷದ ಕೆಲಸ ಮಾಡುವವರು ನೂರಕ್ಕೊಬ್ಬರಿಲ್ಲ, ಎಲ್ಲ ತೊಂದರೆ ಇಲ್ಲಿಂದಲೇ ಶುರು. ನಲ್ಲಿ ಬಿಗಿಯಾದರೆ ಸಾಲದು, ಬಿಗಿಯಾದಾಗ ನೆಟ್ಟಗೂ ನಿಂತಿರಬೇಕು. ಒಂದು ಸುತ್ತಿಗೆ ಅದು ಗೋಡೆಯೊಳಗೆ ಹೋಗುವುದು 1.8 ಮಿಲಿಮೀಟರ್ ಮಾತ್ರ. ಹಾಗಾಗಿ ಟೇಪಿನ ಎರಡು ಸುತ್ತು ಹೆಚ್ಚಾದರೂ ಕಡಿಮೆಯಾದರೂ ನಲ್ಲಿ ಬಿಗಿಯುವ ಜಾಗ ಬದಲಾಗುತ್ತದೆ. ಬಿಗಿಯಾಯಿತು, ಆದರೆ ಮುಖ ಓರೆಯಾಗಿ ಕಿಟಕಿ ನೋಡುತ್ತಿದೆ ಎಂದುಕೊಳ್ಳಿ. ಆಗ ಎರಡು ಆಸೆಗಳು ಹುಟ್ಟುತ್ತವೆ. ಒಂದು, ‘ಸ್ವಲ್ಪ ಹಿಂದಕ್ಕೆ ತಿರುಗಿಸಿ ನೆಟ್ಟಗೆ ಮಾಡೋಣ’. ಹಿಂದಕ್ಕೆ ಬಂದ ಟೇಪು ಮತ್ತೆ ನೀರು ಹಿಡಿಯುತ್ತದೆಂದು ನಂಬುವಂತಿಲ್ಲ. ಇನ್ನೊಂದು, ‘ಇನ್ನೊಂದೇ ಸುತ್ತು ಬಿಗಿಯೋಣ’.

ಆ ಎರಡನೆಯ ಆಸೆಗೆ ನಾನು ಬಿದ್ದೆ. ಗೌರಿ ಹಬ್ಬದ ಹಿಂದಿನ ಸಂಜೆ. ಅಂಗಡಿ ನೋಡಿಕೊಳ್ಳಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ದಿನಕ್ಕೆ ಹತ್ತು ಜನರಿಗೆ ನಲ್ಲಿ ಹಾಕುವ ವಿಧಾನ ಹೇಳುತ್ತಿದ್ದವಳು ಸ್ವಂತ ಕೈಯಿಂದ ಒಂದನ್ನೂ ಹಾಕಿರಲಿಲ್ಲ. ನಲ್ಲಿ ಸ್ವಲ್ಪ ಓರೆಯಾಗಿ ನಿಂತಿತು. ಬಾಗಿನದ ಮೊರ ಒಪ್ಪ ಮಾಡುತ್ತಿದ್ದ ನಾದಿನಿ ‘ಓರೆ ಇದೆ ಅತ್ತಿಗೆ’ ಎಂದಳು. ಪೈಪ್ ರಿಂಚ್ ಹಾಕಿ ಮುಕ್ಕಾಲು ಸುತ್ತು ಎಳೆದೆ. ಸಣ್ಣದೊಂದು ‘ಟಿಕ್’ ಕೇಳಿಸಿತು. ನಲ್ಲಿ ನೆಟ್ಟಗಾಯಿತು, ಒಂದು ಹನಿಯೂ ಹೊರಗೆ ಬರಲಿಲ್ಲ, ಎಲ್ಲರೂ ಹೊಗಳಿದರು. ಮೂರನೆಯ ದಿನ, ಗೋಡೆಯ ಆಚೆ ಬದಿಯ ದೇವರ ಕೋಣೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಏರಿತ್ತು. ಒಳಗೆ ಎಲ್ಬೋ ಸೀಳಿತ್ತು. ನಾಲ್ಕು ಟೈಲ್ಸ್ ಒಡೆಸಬೇಕಾಯಿತು, ಆ ಬಣ್ಣದ ಟೈಲ್ಸ್ ಆಗಲೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಇಂದಿಗೂ ನಮ್ಮ ಸಿಂಕಿನ ಹಿಂದೆ ನಾಲ್ಕು ಟೈಲ್ಸ್ ಬೇರೆ ಬಣ್ಣದವು.

ಆದ್ದರಿಂದ ಓರೆಯಾದರೆ ಪೂರ್ತಿ ಬಿಚ್ಚಿ, ಟೇಪು ಕಿತ್ತು, ಒಂದೆರಡು ಸುತ್ತು ಹೆಚ್ಚೋ ಕಡಿಮೆಯೋ ಮಾಡಿ ಮತ್ತೆ ಹಾಕಿ. ನಾಲ್ಕು ಸಲ ಬಿಚ್ಚಿದರೂ ಅವಮಾನವಲ್ಲ, ಎರಡನೇ ಸುರುಳಿ ತರಲು ಹೇಳಿದ್ದು ಇದಕ್ಕೇ. ಸುತ್ತುವ ಕ್ರಮ ಹೀಗೆ: ತಿರುಪಿನ ತುದಿ ನಿಮ್ಮ ಮುಖದ ಕಡೆಗಿರುವಂತೆ ನಲ್ಲಿ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೇಪನ್ನು ಎಳೆದು ಹಿಡಿದು ಸುತ್ತಿ. ತಿರುವುಮುರುವಾಗಿ ಸುತ್ತಿದರೆ ಒಳಗೆ ಹೋಗುವಾಗ ಟೇಪು ಹುಲ್ಲಿನ ಹಾಗೆ ಎದ್ದು ಬರುತ್ತದೆ. ತುದಿಯ ಮೊದಲ ಎಳೆ ಬರಿದಾಗಿರಲಿ, ಚೂರುಗಳು ಪೈಪಿನೊಳಗೆ ಸೇರುವುದಿಲ್ಲ. ನಮ್ಮಲ್ಲಿ ಸಿಗುವ ತೆಳು ಟೇಪಿಗೆ ಎಂಟರಿಂದ ಹತ್ತು ಸುತ್ತು ಸರಿ. ಸುತ್ತಿದ ಮೇಲೂ ತಿರುಪಿನ ಏರಿಳಿತ ಬೆರಳಿಗೆ ತಿಳಿಯುತ್ತಿರಬೇಕು. ಫ್ಲ್ಯಾಂಜ್ ಎನ್ನುವ ಹೊಳೆಯುವ ಬಿಲ್ಲೆಯನ್ನು ನಲ್ಲಿಗೆ ಮೊದಲೇ ತೊಡಿಸಿ. ಮರೆತರೆ ಮತ್ತೆ ಮೊದಲಿನಿಂದ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಸುಮಾರು ಒಂದು ಸುತ್ತು. ಗೋಡೆಯೊಳಗೆ ಪ್ಲಾಸ್ಟಿಕ್ ತಿರುಪೇ ಇದ್ದರೆ ಅದಕ್ಕಿಂತಲೂ ಕಡಿಮೆ. ಟೈಲ್ಸ್ ದಪ್ಪವಾಗಿ ಗೋಡೆಯ ಬಾಯಿ ಒಳಗೆ ಹೂತುಹೋಗಿದ್ದು ನಲ್ಲಿ ಎರಡೇ ಸುತ್ತಿಗೆ ತಡೆದು ನಿಂತರೆ, ಅರ್ಧ ಇಂಚಿನ ಎಕ್ಸ್‌ಟೆನ್ಷನ್ ನಿಪ್ಪಲ್, ಅಂದರೆ ಗೋಡೆಯ ಬಾಯಿಯನ್ನು ಮುಂದಕ್ಕೆ ತರುವ ಗಿಡ್ಡ ತುಂಡು, ಬೇಕಾಗುತ್ತದೆ.

ನೀರು ಬಿಡುವಾಗ ನಲ್ಲಿ ತೆರೆದೇ ಇರಲಿ, ಮೂತಿಯ ಜಾಲರಿ ಬಿಚ್ಚಿಟ್ಟಿರಲಿ, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಕಸ ಹೋದ ಮೇಲೆ ಜಾಲರಿ ಹಾಕಿ ನಲ್ಲಿ ಮುಚ್ಚಿ. ಫ್ಲ್ಯಾಂಜನ್ನು ಗೋಡೆಗೆ ಒತ್ತದೆ ಎರಡು ದಿನ ಮುಂದಕ್ಕೆ ಎಳೆದಿಟ್ಟು, ಅದರ ಹಿಂದೆ ಒಂದು ಚೂರು ಪತ್ರಿಕೆ ಕಾಗದ ಸಿಕ್ಕಿಸಿಡಿ. ಕಾಗದ ಒಣಗಿಯೇ ಇದ್ದರೆ ಬಿಲ್ಲೆ ಒತ್ತಿ, ಅತ್ತೆಯವರನ್ನು ಕರೆದು ತೋರಿಸಿ. ಗೋಡೆಯ ಆಚೆ ಬದಿಯನ್ನೂ ಒಮ್ಮೆ ಮುಟ್ಟಿ ನೋಡಿ. ಅದನ್ನು ನೋಡದೆ ನಾನು ಕೆಟ್ಟೆ.

ಪ್ರಶ್ನೆ: ಹೊಸ ನಲ್ಲಿ ಹಾಕಿಸಿ ಎರಡು ತಿಂಗಳು. ನೋಡಲು ಚೆಂದ, ಮೂತಿ ಎಳೆದರೆ ಉದ್ದ ಬರುತ್ತದೆ. ಆದರೆ ನೀರು ಹಳೆಯ ನಲ್ಲಿಯ ಅರ್ಧದಷ್ಟೂ ಇಲ್ಲ. ಅಂಗಡಿಯವರು ಮೋಸ ಮಾಡಿದರೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಅಂಗಡಿಯವರ ಪರ ವಹಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಟ್ಯಾಂಕಿನ ನೀರಿನ ಮಟ್ಟದಿಂದ ನಲ್ಲಿಯವರೆಗೆ ಎಷ್ಟು ಎತ್ತರವಿದೆ ಎಂದು ಅಳೆಯಿರಿ. 10 ಮೀಟರಿಗೆ ಸುಮಾರು 1 ಬಾರ್ ಲೆಕ್ಕ. ಒಂದೇ ಅಂತಸ್ತಿನ ಮನೆಯಲ್ಲಿ 3 ಮೀಟರ್ ಇದ್ದರೆ 0.3 ಬಾರ್. ಎಳೆದರೆ ಬರುವ ಮೂತಿಯ ನಲ್ಲಿಗಳ ಒಳಗಿನ ಕೊಳವೆ ಸಣ್ಣದು, ಅವುಗಳಿಗೆ ಬೇಕಾದ ಒತ್ತಡ ಇದಕ್ಕಿಂತ ಹೆಚ್ಚು. ಕೊಳ್ಳುವಾಗ ಡಬ್ಬದ ಮೇಲೆ ಕನಿಷ್ಠ ಒತ್ತಡ ಎಷ್ಟೆಂದು ನೋಡಬೇಕಿತ್ತು, ಹೇಳಬೇಕಾದವರು ಅದನ್ನು ಹೇಳಬೇಕಿತ್ತು.

ಆದರೂ ಮೊದಲು ಮೂತಿಯ ಜಾಲರಿ ಬಿಚ್ಚಿ ನೋಡಿ. ಎರಡು ತಿಂಗಳಲ್ಲಿ ಮಳೆಗಾಲ ಸೇರಿದ್ದರೆ ಅಲ್ಲಿ ಮರಳು, ಎಲೆಯ ನಾರು, ಪಾಚಿ ತುಂಬಿರುತ್ತದೆ. ಅಬ್ಬಿ ನೀರಿನ ಮನೆಯಿಂದ ಬಂದ ಒಂದು ಜಾಲರಿಯಲ್ಲಿ ನಾನು ಗೊದಮೊಟ್ಟೆಯನ್ನೂ ನೋಡಿದ್ದೇನೆ, ಪಾಪ. ಜಾಲರಿ ಬಿಚ್ಚಿದಾಗ ನೀರು ಜೋರಾಗಿ ಬಂದರೆ ದೋಷ ಅದರದ್ದೇ. ತೊಳೆದು ಹಾಕಿ. ಬಿಚ್ಚಿದಾಗಲೂ ಹಾಗೇ ಇದ್ದರೆ ಸಿಂಕಿನ ಕೆಳಗಿನ ಆಂಗಲ್ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ಅದೂ ಸರಿ ಇದ್ದರೆ ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಸಾದಾ ನಲ್ಲಿಗೆ ಮರಳಬೇಕು. ಒಂದು ನಲ್ಲಿಗಾಗಿ ಪ್ರೆಷರ್ ಪಂಪು ಕೂರಿಸುವುದು ನನಗೆ ಸರಿಕಾಣದು.

ಪ್ರಶ್ನೆ: ನಾವು ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಗ್ರಾನೈಟ್ ಮೇಲೆ ನಿಂತಿರುವ ನಲ್ಲಿಯನ್ನು ನಾನೇ ಬದಲಿಸಿದೆ. ಕೆಳಗೆ ಕನೆಕ್ಷನ್ ಪೈಪಿನ ನಟ್ ಬಳಿ ಸೋರುತ್ತಿದೆ. ಹದಿನೈದು ಸುತ್ತು ಟೇಪ್ ಹಾಕಿದರೂ ನಿಲ್ಲುತ್ತಿಲ್ಲ.
– ವಿದ್ಯಾರ್ಥಿ, ವಿನೋಬನಗರ, ಶಿವಮೊಗ್ಗ

ಉತ್ತರ: ಟೇಪನ್ನೆಲ್ಲ ಕಿತ್ತುಹಾಕು ಮಗು. ಆ ನಟ್ಟಿನೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ, ನೀರು ತಡೆಯುವುದು ಅದು, ತಿರುಪಲ್ಲ. ನೀನು ಸುತ್ತಿದ ಟೇಪು ನಟ್ಟನ್ನು ಅರ್ಧದಲ್ಲೇ ಬಿಗಿಹಿಡಿದಿದೆ, ವಾಷರ್ ತನ್ನ ಜಾಗಕ್ಕೆ ತಲುಪಿಯೇ ಇಲ್ಲ. ವಾಷರ್ ಇದೆಯೇ, ಮಡಚಿಕೊಂಡಿದೆಯೇ ನೋಡು. ಕೈಯಲ್ಲಿ ಪೂರ್ತಿ ಬಿಗಿದು ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಡು. ಹಳೆಯ ಕನೆಕ್ಷನ್ ಪೈಪನ್ನೇ ಹೊಸ ನಲ್ಲಿಗೆ ಹಾಕಿದ್ದರೆ ಅದನ್ನೂ ಬದಲಿಸು. ಅದು ಒಡೆದರೆ ಕೆಳಗಿನ ಮನೆಯವರೂ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ.

ಪ್ರಶ್ನೆ: ನಲ್ಲಿ ಅಸಲಿ ಹಿತ್ತಾಳೆಯದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುತ್ತದೆಯೇ? ಹಿತ್ತಲಿಗೆ ಪ್ಲಾಸ್ಟಿಕ್ ನಲ್ಲಿ ಹಾಕಬಹುದೇ?
– ಓದುಗರು, ಭದ್ರಾವತಿ

ಉತ್ತರ: ಅಯಸ್ಕಾಂತ ಹೇಳುವುದು ಅರ್ಧ ಸತ್ಯ. ಅಂಟಿದರೆ ಒಳಗೆ ಕಬ್ಬಿಣವಿದೆ ಎಂದು ಗೊತ್ತಾಗುತ್ತದೆ. ಅಂಟದಿದ್ದರೆ ಹಿತ್ತಾಳೆಯೇ ಎನ್ನುವಂತಿಲ್ಲ, ಸತುವಿನ ಮಿಶ್ರಲೋಹಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಗೋಡೆಗೆ ಹೋಗುವ ತಿರುಪಿನ ಒಳಬಾಯಿಗೆ ಕಣ್ಣಿಟ್ಟು ನೋಡಿ. ಅಲ್ಲಿ ಸಾಮಾನ್ಯವಾಗಿ ಮೇಲುಲೇಪ ಇರುವುದಿಲ್ಲ, ಹಿತ್ತಾಳೆಯ ಹಳದಿ ಕಾಣಬೇಕು. ಅಂಗೈಯಲ್ಲಿಟ್ಟು ತೂಗಿ ನೋಡಿ, ಐಎಸ್‌ಐ ಗುರುತು ಇದೆಯೇ ನೋಡಿ. ತಂದ ಮೇಲೆ ಪೂಜೆಯ ತಂಬಿಗೆ ಬೆಳಗಿದಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹೊರಗಿನ ಹೊಳಪು ಕ್ರೋಮಿಯಮ್ಮಿನ ತೆಳುಪದರ, ಅದು ಗೀರಿಬಿಡುತ್ತದೆ. ಮೆತ್ತನೆಯ ಒದ್ದೆಬಟ್ಟೆ ಸಾಕು.

ಹಿತ್ತಲಿಗೆ ಪ್ಲಾಸ್ಟಿಕ್ ನಲ್ಲಿ ಧಾರಾಳವಾಗಿ ಹಾಕಿ, ಅಗ್ಗ, ತುಕ್ಕಿಲ್ಲ. ಕಾಲು ಸುತ್ತಿನ ಹಿಡಿಯದು ಮಾತ್ರ ಬೇಡ, ಹಳೆಯ ರೀತಿಯ ತಿರುಪಿನದೇ ಇರಲಿ. ಕಾಲು ಸುತ್ತಿನದನ್ನು ತೆರೆಯುವುದು ನಮ್ಮ ತವರಿನ ಮಂಗಗಳಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ಮುಚ್ಚುವುದನ್ನು ಅವು ಇನ್ನೂ ಕಲಿತಿಲ್ಲ.